ಏಳು ನಂಬರಿನ ಬಿಳಿ ಕಾರು

ಆಗ ನನಗೆ ನಲವತ್ತಾರು ವರ್ಷ. ಇಪ್ಪತ್ತೆಂಟು ವರ್ಷ ಹಿಂದಿನ ಮಾತು. ಸೌದಿಯಲ್ಲಿ ನಾನು ಇದ್ದದ್ದು ಒಟ್ಟು ಒಂದೂವರೆ ತಿಂಗಳು. ಆ ದೇಶದ ಬಗ್ಗೆ ನನ್ನನ್ನು ಕೇಳಿದರೆ ಹೆಚ್ಚೇನೂ ಗೊತ್ತಿಲ್ಲ. ಒಂದು ಶುಕ್ರವಾರ ಗೊತ್ತು.

ನಾನು ಓದಿದ್ದು ಮೂರನೆಯ ಕ್ಲಾಸು. ಕನ್ನಡ ನಿಧಾನಕ್ಕೆ ಓದುತ್ತೇನೆ, ಇನ್ನೂ ನಿಧಾನಕ್ಕೆ ಬರೆಯುತ್ತೇನೆ. ಇಂಗ್ಲಿಷಿನ ಅಂಕಿಗಳನ್ನು ಬಸ್ಸಿನ ಹಣೆ ನೋಡಿ ಕಲಿತೆ. ನಮ್ಮೂರಿಗೆ ಬರುವ ಬಸ್ಸು ಏಳು ನಂಬರಿನದ್ದು. ಹಾಗಾಗಿ ಏಳನ್ನು ನಾನು ಎಷ್ಟು ದೂರದಿಂದಲೂ ಹೇಳಬಲ್ಲೆ. ಇದನ್ನು ಮೊದಲೇ ಹೇಳಿಡಬೇಕು, ಯಾಕೆಂದರೆ ಎಲ್ಲ ಎಡವಟ್ಟಾದದ್ದು ಅದರಿಂದಲೇ.

ನಮ್ಮವರು ಅಲ್ ಖೋಬರಿನ ಒಂದು ಗ್ಯಾರೇಜಿನಲ್ಲಿ ಟಿಂಕರಿಂಗ್ ಕೆಲಸಕ್ಕಿದ್ದರು. ನಜ್ಜುಗುಜ್ಜಾದ ಕಾರುಗಳನ್ನು ಬಡಿದು ಸರಿಮಾಡುವುದು. ಹದಿನೈದು ವರ್ಷ ಅದೇ ಕೆಲಸ. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು, ನೆಂಟರ ಹಾಗೆ ಜಗಲಿಯಲ್ಲಿ ಕುರ್ಚಿ ಹಾಕಿ ಎರಡು ತಿಂಗಳು ಕೂರುತ್ತಿದ್ದರು, ಹೋಗುತ್ತಿದ್ದರು. ಕೊನೆಯ ಸಲ ಬರಬೇಕಾದ ವರ್ಷ ಬರಲಿಲ್ಲ. ಫೋನು ಮಾಡಿ, "ಇಲ್ಲಿ ರೇಸು ಉಂಟು, ಕಫೀಲ್ ಬಿಡುವುದಿಲ್ಲ" ಎಂದರು. ಕಫೀಲ್ ಎಂದರೆ ವೀಸಾ ಕೊಟ್ಟ ಧಣಿ. ಪಾಸ್‌ಪೋರ್ಟು ಅವನ ಕೈಯಲ್ಲಿ ಇರುತ್ತದೆ. ಅವನು ಅದಕ್ಕೆ ಎಕ್ಸಿಟ್ ಮುದ್ರೆ ಹೊಡೆಸಿ ಕೊಟ್ಟರೆ ಊರಿಗೆ, ಇಲ್ಲದಿದ್ದರೆ ಇಲ್ಲ.

ಎಂತ ರೇಸು ಎಂದು ನನಗೆ ಹೋದ ಮೇಲೆಯೇ ತಿಳಿದದ್ದು. ರಸ್ತೆಯಲ್ಲಿ ಓಡುವ ಸಾದಾ ಕಾರನ್ನೇ ತೆಗೆದುಕೊಂಡು, ಗಾಜು ಸೀಟು ಎಲ್ಲ ಕಿತ್ತು, ಒಳಗೆ ಕಬ್ಬಿಣದ ಪೈಪಿನ ಗೂಡು ಬೆಸುಗೆ ಹಾಕುತ್ತಾರೆ. ಸ್ಟಾಕ್ ಕಾರ್ ಎಂದು ಅದರ ಹೆಸರು. ಊರಾಚೆ ಗಟ್ಟಿ ಮರಳಿನ ಬಯಲಿನಲ್ಲಿ ಮೊಟ್ಟೆಯ ಆಕಾರದಲ್ಲಿ ದಾರಿ ಮಾಡಿದ್ದರು. ಚಳಿಗಾಲದ ಶುಕ್ರವಾರಗಳಲ್ಲಿ ಓಟ. ಸೆಕೆ ಏರಿತೆಂದರೆ ಆ ವರ್ಷದ್ದು ಮುಗಿಯಿತು. ಗ್ಯಾರೇಜಿನವರು, ಎಣ್ಣೆ ಕಂಪೆನಿಯ ಬಿಳಿಯರು, ಎಲ್ಲರೂ ಓಡಿಸುತ್ತಿದ್ದರು. ನಮ್ಮ ಕಫೀಲನಿಗೆ ಅದರ ಹುಚ್ಚು. ಅವನ ಕಾರನ್ನು ಕಟ್ಟುವವರೂ ನಮ್ಮವರು, ಓಡಿಸುವವರೂ ನಮ್ಮವರು.

ನಾನು ಅಲ್ಲಿಗೆ ಹೋದದ್ದು ಸುತ್ತಾಡಲಿಕ್ಕಲ್ಲ, ಗಂಡನನ್ನು ಕರೆತರಲಿಕ್ಕೆ. ಪೋಸ್ಟಿನಲ್ಲಿ ಬರುವ ಗಂಡ ನನಗೆ ಸಾಕಾಗಿತ್ತು. ಕಫೀಲ್ ಒಳ್ಳೆಯವನೇ, ನನ್ನ ವಿಸಿಟ್ ವೀಸಾ ಮಾಡಿಸಿದ್ದೂ ಅವನೇ. ಆದರೆ ಒಂದು ಮಾತು ಹೇಳಿದ್ದ: ಈ ಸಲ ವರ್ಷದ ಕಪ್ಪು ಗೆದ್ದು ಕೊಟ್ಟರೆ ಎಕ್ಸಿಟ್, ಸೋತರೆ ಇನ್ನೊಂದು ವರ್ಷ. ಕೊನೆಯ ಶುಕ್ರವಾರ ಬರುವಷ್ಟರಲ್ಲಿ ನಮ್ಮವರಿಗೂ ಎಣ್ಣೆ ಕಂಪೆನಿಯ ಒಬ್ಬ ಗಡ್ಡದ ಬಿಳಿಯನಿಗೂ ಪಾಯಿಂಟು ಸರಿಸಮ. ಇಬ್ಬರಲ್ಲಿ ಯಾರು ಮುಂದೆ ಬರುತ್ತಾನೋ ಕಪ್ಪು ಅವನಿಗೆ.

ಗುರುವಾರವೇ ನಾನು ನಮ್ಮವರ ಅಂಗಿಗಳನ್ನು ಮಡಚಿ ನನ್ನ ಪೆಟ್ಟಿಗೆಗೆ ಹಾಕಿದೆ.

"ಈಗಲೇ ಎಂತಕ್ಕೆ?" ಎಂದರು.

"ಗೆದ್ದ ಮೇಲೆ ಮಡಚಲಿಕ್ಕೆ ಪುರುಸೊತ್ತು ಇರುವುದಿಲ್ಲ."

"ಸೋತರೆ?"

"ಸೋತರೆ ನಿಮ್ಮನ್ನೇ ಮಡಚಿ ಹಾಕುತ್ತೇನೆ."

ನಕ್ಕರು. ಆಮೇಲೆ, "ನಮ್ಮದು ಬಿಳಿ ಕಾರು, ನಂಬರ್ ಏಳು. ನೋಡಿಕೊ" ಎಂದರು. ನಾನು ಆ ಕಾರನ್ನು ಕಂಡೇ ಇರಲಿಲ್ಲ. ಗ್ಯಾರೇಜಿನ ಕಡೆಗೆ ಹೆಂಗಸರು ಹೋಗುವ ಕ್ರಮ ಅಲ್ಲಿಲ್ಲ. ಅಂಗಡಿಯ ಸಾಮಾನೂ ನಮ್ಮವರೇ ತರುತ್ತಿದ್ದರು. ನಾನು ಕೋಣೆಯಲ್ಲಿ ಅಡಿಗೆ ಮಾಡಿಕೊಂಡು, ಮೆಲ್ಲಗೆ ಜಪಸರ ಹೇಳಿಕೊಂಡು ಇದ್ದೆ.

ಶುಕ್ರವಾರ ಊಟದ ಹೊತ್ತು ಕಳೆದ ಮೇಲೆ ಕಫೀಲನ ಮನೆಯ ವ್ಯಾನು ಬಂತು. ಹಿಂದಿನ ಸೀಟಿನಲ್ಲಿ ಅವನ ಮುದಿ ತಾಯಿ ಕೂತಿದ್ದಳು. ಮೈಯೆಲ್ಲ ಕಪ್ಪು ಬಟ್ಟೆ, ಹೊರಗೆ ಕಾಣುವುದು ಎರಡು ಕಣ್ಣು, ಮದರಂಗಿಯಿಂದ ಕೆಂಪಾದ ಬೆರಳು. ಅವಳಿಗೆ ಅರಬ್ಬಿ, ನನಗೆ ಕೊಂಕಣಿ. ಅವಳು ಖರ್ಜೂರದ ತಟ್ಟೆ ಮುಂದೆ ಹಿಡಿದಳು, ನಾನು ತೆಗೆದುಕೊಂಡೆ. ಹಳದಿ ಬಣ್ಣದ ಕಾಫಿಯನ್ನು ಬೊಗಸೆಯಷ್ಟಿಲ್ಲದ ಪಿಂಗಾಣಿಗೆ ಸುರಿದು ಕೊಟ್ಟಳು. ಕಹಿ. ಕುಡಿದೆ.

ಬಯಲಿನ ಅಂಚಿಗೆ ವ್ಯಾನು ನಿಲ್ಲಿಸಿ ಡ್ರೈವರು ಇಳಿದು ಹೋದ. ಮುದುಕಿ ಮುಖದ ಬಟ್ಟೆ ಮೇಲೆ ಸರಿಸಿದಳು. ನಾವಿಬ್ಬರು ಒಳಗೆ, ತಣ್ಣನೆಯ ಗಾಳಿ ಹಾಕಿಕೊಂಡು, ಗಾಜು ಮುಚ್ಚಿಕೊಂಡು. ಗಾಜು ಕಪ್ಪು. ಅದರಾಚೆ ನಡು ಮಧ್ಯಾಹ್ನದ ಸೂರ್ಯ ಚಂದ್ರನ ಹಾಗೆ ಇದ್ದ, ಕಣ್ಣಿಟ್ಟು ನೋಡಬಹುದಿತ್ತು. ದೂರದ ನೆಲದ ಮೇಲೆ ನೀರು ನಿಂತಂತೆ ಕಾಣುತ್ತಿತ್ತು. ಅಲ್ಲಿ ನೀರಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದರೂ ಅದು ಹೋಗಲಿಲ್ಲ.

ಓಟ ಶುರುವಾಯಿತು. ಸದ್ದು ಎಂದರೆ, ಕೆರೆಯಲ್ಲಿ ಮುಳುಗಿದಾಗ ದಡದಲ್ಲಿ ಯಾರೋ ಮಾತಾಡಿದಷ್ಟು. ಕಾರುಗಳು ಆಚೆಯ ತಿರುವಿಗೆ ಹೋದಾಗ ಚಕ್ರಗಳು ಕರಗಿಬಿಡುತ್ತಿದ್ದವು. ಬರೀ ಮೈ ಆ ಇಲ್ಲದ ನೀರಿನ ಮೇಲೆ ತೇಲಿಕೊಂಡು ಬರುತ್ತಿತ್ತು, ಬೆಳಗಿನ ಮಂಜಿನಲ್ಲಿ ಅಳಿವೆ ದಾಟಿ ಬರುವ ದೋಣಿಗಳ ಹಾಗೆ. ನಮ್ಮ ಹತ್ತಿರಕ್ಕೆ ಬಂದಾಗ ಮತ್ತೆ ಚಕ್ರ ಮೂಡುತ್ತಿತ್ತು. ಮತ್ತೆ ಹೋಗುತ್ತಿತ್ತು. ಎಲ್ಲ ಕಾರೂ ಬಿಳಿ. ಆ ದೇಶದಲ್ಲಿ ಕಾರು ಎಂದರೆ ಬಿಳಿಯೇ. ಬಿಳಿ ಅಲ್ಲದ್ದನ್ನೂ ಧೂಳು ಬಿಳಿ ಮಾಡಿತ್ತು.

ಆದರೆ ಏಳನ್ನು ನಾನು ಮೊದಲ ಸುತ್ತಿನಲ್ಲೇ ಹಿಡಿದೆ. ಬಾಗಿಲಿನ ಮೇಲೆ ದೊಡ್ಡದಾಗಿ, ನಮ್ಮ ಬಸ್ಸಿನ ಏಳರ ಹಾಗೆಯೇ ಬರೆದಿತ್ತು. ಆಮೇಲೆ ಕಣ್ಣು ಅದನ್ನು ಬಿಡಲಿಲ್ಲ. ನೋಡುತ್ತ ನೋಡುತ್ತ ಆ ಕಾರಿನಲ್ಲಿ ನಮ್ಮವರ ಬೆನ್ನೇ ಕಾಣತೊಡಗಿತು. ಒಳಗಿನ ಅಂಚು ಬಿಡದೆ, ಯಾರಿಗೂ ದಾರಿ ಕೊಡದೆ, ಮುಂದಿನವನಿಗೆ ಮೂತಿ ತಾಗಿಸುತ್ತ ಹೋಗುತ್ತಿತ್ತು. ಬಸ್ಸಿನಲ್ಲಿ ಸೀಟು ಹಿಡಿಯಲು ನಮ್ಮವರು ನುಗ್ಗುವುದು ಹೀಗೆಯೇ. ನಾನು ಮನಸ್ಸಿನಲ್ಲಿ, ನುಗ್ಗಿ, ಸರಿಯಾಗಿ ನುಗ್ಗಿ ಎಂದೆ.

ಅದಕ್ಕೆ ಎದುರಾಳಿಯಾಗಿ ಇದ್ದದ್ದು ಇನ್ನೊಂದು ಕಾರು. ಅದರ ಬಾಗಿಲಿನಲ್ಲಿ ಒಂದು ಗುರುತು, ಹಕ್ಕಿಮರಿ ಬಾಯಿ ತೆರೆದು ಕೊಕ್ಕು ಮೇಲೆ ಎತ್ತಿದ ಹಾಗೆ. ನಾನು ಅದಕ್ಕೆ ಕೊಕ್ಕಿನ ಕಾರು ಎಂದು ಹೆಸರಿಟ್ಟೆ. ಗಡ್ಡದ ಬಿಳಿಯನದ್ದು ಅದೇ ಇರಬೇಕು ಎಂದುಕೊಂಡೆ. ಅದು ನುಗ್ಗುತ್ತಿರಲಿಲ್ಲ. ಜನ ಬಿಟ್ಟ ಹೊರಗಿನ ಅಂಚಿನಲ್ಲಿ, ಮರಳಿನ ಗುಡ್ಡೆಗೆ ಇನ್ನೇನು ತಾಗಬೇಕು ಎನ್ನುವಷ್ಟು ದೂರ ಹೋಗಿ, ಹಿಂಭಾಗ ಸ್ವಲ್ಪ ಜಾರಿಸಿ, ಅಲ್ಲಿಂದ ಉದ್ದಕ್ಕೆ ಬೀಸಿಕೊಂಡು ಬರುತ್ತಿತ್ತು. ಹದ್ದು ರೆಕ್ಕೆ ಆಡಿಸದೆ ಇಳಿದ ಹಾಗೆ. ನೋಡಲು ಚಂದ ಇತ್ತು, ಸುಳ್ಳು ಹೇಳುವುದಿಲ್ಲ. ಕೆಲವು ಸುತ್ತು ನಾನು ಏಳನ್ನು ಬಿಟ್ಟು ಅದನ್ನೇ ನೋಡಿದೆ. ಬಿಳಿಯನೇ ಆದರೂ ಮನುಷ್ಯನಿಗೆ ಇದರಲ್ಲಿ ಸುಖ ಉಂಟು ಎಂದು ಅನ್ನಿಸಿತು. ಕೂಡಲೇ ನೆನಪಾಗಿ ಮತ್ತೆ ಏಳಕ್ಕೆ ಬಂದೆ.

ಮುದುಕಿಯೂ ಒಂದು ಕಾರನ್ನು ಹಿಡಿದಿದ್ದಳು. ಕೊಕ್ಕಿನ ಕಾರು ಬಂದಾಗಲೆಲ್ಲ ಮದರಂಗಿ ಬೆರಳನ್ನು ಗಾಜಿಗೆ ಒತ್ತಿ "ಯಲ್ಲಾ, ಯಲ್ಲಾ" ಎನ್ನುತ್ತಿದ್ದಳು. ಇದೆಂತ ಮುದುಕಿಯಪ್ಪಾ, ಸ್ವಂತ ಮಗನ ಕಾರು ಬಿಟ್ಟು ಪರರ ಕಾರಿಗೆ ಯಲ್ಲಾ ಹೇಳುತ್ತಾಳೆ, ಕಣ್ಣು ಮಂಜಾಗಿರಬೇಕು ಎಂದುಕೊಂಡೆ. ನಾನು ಏಳನ್ನು ತೋರಿಸಿದೆ. ಅವಳು ತಲೆಯಾಡಿಸಿ ನನ್ನ ಕೈಯನ್ನು ಹಿಡಿದು ಕೊಕ್ಕಿನ ಕಡೆಗೆ ತಿರುಗಿಸಿದಳು. ನಾನು ಪುನಃ ಏಳರ ಕಡೆಗೆ ತಿರುಗಿಸಿದೆ. ಹೀಗೆ ಒಂದೆರಡು ಸಲ ಆಯಿತು. ಆಮೇಲೆ ಅವಳು ನನಗೆ ಇನ್ನೊಂದು ಖರ್ಜೂರ ಕೊಟ್ಟಳು, ತಿನ್ನು ಸುಮ್ಮನಿರು ಎನ್ನುವ ಹಾಗೆ.

ಕೊನೆಯ ಸುತ್ತುಗಳಿಗೆ ಬಂದಾಗ ಕೊಕ್ಕು ಮುಂದೆ, ಏಳು ಹಿಂದೆ. ನಾನು ಸೆರಗಿನೊಳಗೆ ಜಪಸರ ಹಿಡಿದು ಮಾತೆಗೆ ಹರಕೆ ಹೇಳಿಕೊಂಡೆ. ಏಳನ್ನು ಮುಂದೆ ಮಾಡು, ನಮ್ಮೂರ ಇಗರ್ಜಿಯಲ್ಲಿ ಆಳೆತ್ತರದ ಮೇಣದ ಬತ್ತಿ ಹಚ್ಚುತ್ತೇನೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. ಆ ಕೊಕ್ಕನ್ನು ಮರಳಿಗೆ ಇಳಿಸು ಎಂದೂ ಸೇರಿಸಿದೆ. ಪೆಟ್ಟಾಗುವುದು ಬೇಡ, ಇಳಿದರೆ ಸಾಕು ಎಂದೆ.

ಕೊನೆಯ ತಿರುವು ಆಚೆಯದ್ದು, ನೀರಿನ ಮೇಲಿನದ್ದು. ಎರಡು ಕಾರೂ ಚಕ್ರವಿಲ್ಲದೆ ತೇಲುತ್ತಿದ್ದವು. ಏಳು ಒಳಗಿನಿಂದ ನುಗ್ಗಿ ಕೊಕ್ಕಿನ ಪಕ್ಕೆಗೆ ಮೂತಿ ಇಟ್ಟಿತು. ಸದ್ದೇ ಇಲ್ಲ. ಕೊಕ್ಕು ನಿಧಾನಕ್ಕೆ ಒಂದು ಸುತ್ತು ತಿರುಗಿತು, ಧೂಳೆದ್ದಿತು, ಧೂಳಿನೊಳಗೆ ಇಲ್ಲವಾಯಿತು. ಏಳು ಒಂದೇ ಆಗಿ ನಮ್ಮ ಕಡೆಗೆ ಬಂತು.

ನಾನು ಜನ್ಮದಲ್ಲಿ ಹಾಗೆ ನಕ್ಕಿರಲಿಲ್ಲ. ಮುದುಕಿಯನ್ನು ತಬ್ಬಿಕೊಂಡೆ, ಕೆನ್ನೆಗೆ ಮುತ್ತು ಕೊಟ್ಟೆ, ತಟ್ಟೆಯ ಖರ್ಜೂರ ತೆಗೆದು ಅವಳ ಬಾಯಿಗೆ ಹಾಕಿದೆ. ಅವಳು ನನ್ನ ಮುಖವನ್ನು ಎರಡು ಕೈಯಲ್ಲಿ ಹಿಡಿದು ನೋಡಿದಳು. ಅವಳ ಕಣ್ಣಿನಲ್ಲಿ ನೀರು. "ಮಜ್ನೂನಾ" ಎಂದಳು. ಅದು ಏನೋ ಶುಭಾಶಯ ಎಂದುಕೊಂಡು ನಾನೂ "ಮಜ್ನೂನಾ" ಎಂದೆ.

ಧೂಳು ಕೂತ ಮೇಲೆ ಕೊಕ್ಕಿನ ಕಾರನ್ನು ಹಗ್ಗ ಕಟ್ಟಿ ಎಳೆದು ತಂದರು. ಅದರ ಕಿಟಕಿಯಿಂದ ಒಬ್ಬ ಮನುಷ್ಯ ಹೊರಬಂದು ಹೆಲ್ಮೆಟ್ ತೆಗೆದ. ನೋಡಿದರೆ ನಮ್ಮವರು.

ಸ್ವಲ್ಪ ಹೊತ್ತು ನನಗೆ ಅದು ತಲೆಗೆ ಹೋಗಲಿಲ್ಲ. ಇವರು ಆ ಕಾರಿಗೆ ಯಾವಾಗ ಹತ್ತಿದರು ಎಂದೇ ಯೋಚಿಸಿದೆ.

ಕಫೀಲ್ ವ್ಯಾನಿನ ಹತ್ತಿರ ಬಂದ, ಅವನ ಹಿಂದೆ ನಮ್ಮವರು. ಮುದುಕಿ ಮುಖ ಮುಚ್ಚಿಕೊಂಡು ಗಾಜು ಇಳಿಸಿದವಳೇ ಮಗನಿಗೆ ಬೈಯಲು ಶುರುಮಾಡಿದಳು. ನನ್ನನ್ನು ತೋರಿಸುತ್ತಾಳೆ, ಬೈಯುತ್ತಾಳೆ. ಆ ದೊಡ್ಡ ಮನುಷ್ಯ ತಲೆ ತಗ್ಗಿಸಿ ನಿಂತ. ಆಮೇಲೆ ನಮ್ಮವರಿಗೆ ಮೆಲ್ಲಗೆ ಏನೋ ಹೇಳಿ ಹೋದ.

ಪಿಕಪ್‌ನಲ್ಲಿ ಕೋಣೆಗೆ ಮರಳುವಾಗ ನಾನು ಕೇಳಿದೆ. "ಮುದುಕಿ ಎಂತ ಹೇಳಿದ್ದು?"

"ಇವನ ಹೆಂಡತಿ ಮಜ್ನೂನಾ, ದುಃಖದಿಂದ ಹುಚ್ಚು ಹಿಡಿದಿದೆ. ಗಂಡ ಸೋತದ್ದು ನೋಡಿ ನಗುತ್ತಾಳೆ, ನನಗೆ ಮುತ್ತು ಕೊಡುತ್ತಾಳೆ. ಗಂಡ ಹೆಂಡತಿಯನ್ನು ಬೇರೆ ಮಾಡಿದ ಪಾಪ ಈ ಮನೆಗೆ ಬೇಡ ಎಂದಳು. ನೀನು ಎಂತಕ್ಕೆ ನಕ್ಕದ್ದು ಮಾರಾಯ್ತಿ?"

ಹೇಳಿದೆ. ಬಸ್ಸಿನ ಏಳು, ಕೊಕ್ಕು, ಹರಕೆ, ಎಲ್ಲ ಹೇಳಿದೆ. ನಮ್ಮವರು ಪಿಕಪ್ಪನ್ನು ರಸ್ತೆಯ ಬದಿಗೆ ನಿಲ್ಲಿಸಿ, ಸ್ಟೇರಿಂಗ್ ಮೇಲೆ ತಲೆ ಇಟ್ಟು ನಕ್ಕರು. ನಂಬರನ್ನೆಲ್ಲ ಅರಬ್ಬಿಯಲ್ಲೇ ಬರೆಯಬೇಕು ಎಂದು ಬಯಲಿನ ಒಡೆಯನ ಹಠವಂತೆ. ಅರಬ್ಬಿಯ ಆರು ನೋಡಲು ನಮ್ಮ ಬಸ್ಸಿನ ಏಳರ ಹಾಗೆ. ಅರಬ್ಬಿಯ ಏಳು ಎಂದರೆ ಆ ಕೊಕ್ಕು. ನಾನು ಇಡೀ ಮಧ್ಯಾಹ್ನ ಹೊಗಳಿದ್ದು ಗಡ್ಡದ ಬಿಳಿಯನನ್ನು.

"ಹಾಗಾದರೆ ನನ್ನನ್ನು ಮರಳಿಗೆ ಇಳಿಸಿದ್ದು ಅವನಲ್ಲ, ನೀನು."

"ಪೆಟ್ಟಾಗುವುದು ಬೇಡ ಎಂದಿದ್ದೆ."

"ದೊಡ್ಡ ಉಪಕಾರ. ಮೇಣದ ಬತ್ತಿ ಕೊಡಬೇಕು ನೀನು. ಕೇಳಿದ್ದು ಕೇಳಿದ ಹಾಗೆಯೇ ಸಿಕ್ಕಿದೆಯಲ್ಲ."

ಕೊಟ್ಟೆ ಆಮೇಲೆ, ಊರಿಗೆ ಹೋಗಿ. ಆಳೆತ್ತರದ್ದು ಅಲ್ಲ, ಮೊಣಕಾಲೆತ್ತರದ್ದು. ಮಾತೆಗೂ ಗೊತ್ತಿರಬೇಕಿತ್ತು ನನಗೆ ಬೇಕಾದದ್ದು ಯಾವುದು ಎಂದು.

"ಕಫೀಲ್ ಹೋಗುವಾಗ ನಿಮಗೆ ಎಂತ ಹೇಳಿದ?"

ಅವರು ಪಿಕಪ್ ಸ್ಟಾರ್ಟ್ ಮಾಡಿದರು. "ನಿನ್ನ ಮದಾಮ್ ಹೇಳಿದ ಹಾಗೆ ಆಗಲಿ ಎಂದ. ಕರೆದುಕೊಂಡು ಹೋಗುತ್ತೇನೆ ಎಂದರೆ ಎಕ್ಸಿಟ್ ಕೊಡುತ್ತೇನೆ, ನಾಳೆ ತಿಳಿಸಲಿ ಎಂದ."

ಸಂಜೆಯಾಗುತ್ತಿತ್ತು. ಮರಳು, ಆಕಾಶ, ರಸ್ತೆ ಎಲ್ಲ ಒಂದೇ ಬಣ್ಣಕ್ಕೆ ಬಂದು, ನಾವು ಎಲ್ಲಿಯೂ ಹೋಗದೆ ಒಂದೇ ಕಡೆ ನಿಂತು ಅಲುಗುತ್ತಿದ್ದೇವೆ ಅನ್ನಿಸುತ್ತಿತ್ತು. ನಮ್ಮವರ ಹುಬ್ಬು, ಕಿವಿ, ಕುತ್ತಿಗೆ ಎಲ್ಲ ಧೂಳಿನಿಂದ ಬಿಳಿಯಾಗಿತ್ತು. ನಾನು ಅವರ ಕೈ ನೋಡಿದೆ. ನೇರ ರಸ್ತೆಯಲ್ಲೂ ಅವರ ಎಡಗೈ ಸ್ಟೇರಿಂಗನ್ನು ಸಣ್ಣಗೆ ಎಡಕ್ಕೆ ಒತ್ತುತ್ತಿತ್ತು.

"ಹೊರಗಿನ ಅಂಚಿನಲ್ಲಿ ಹೋಗುತ್ತಿದ್ದದ್ದು ಯಾಕೆ?" ಎಂದೆ.

"ನೋಡಿದೆಯಾ ಅದನ್ನು?"

"ನೋಡಿದೆ."

"ಅಲ್ಲಿ ಮರಳು ಮೆತ್ತಗೆ. ಎಲ್ಲರಿಗೂ ಹೆದರಿಕೆ. ಹಿಂದಿನ ಚಕ್ರ ಜಾರುವಾಗ ಜಾರಲಿಕ್ಕೆ ಬಿಡಬೇಕು, ಹಿಡಿಯಬಾರದು. ಬಿಟ್ಟರೆ ಅದೇ ತಂದು ಹಾಕುತ್ತದೆ. ಆದರೆ ಕೊನೆಯ ತಿರುವಿನಲ್ಲಿ ಒಳಗೆ ಜಾಗ ಬಿಟ್ಟೆ, ಅದು ತಪ್ಪಾಯಿತು. ಬರುವ ವರ್ಷ ಅಲ್ಲಿ..."

ನಾನು ಕಿಟಕಿಯಾಚೆ ನೋಡಿದೆ. ಕೇಳಿಸಲಿಲ್ಲ ಎಂದು ಅವರು ಅಂದುಕೊಳ್ಳಲಿ ಎಂದಲ್ಲ. ಅಲ್ಲಿ ಒಂದು ಒಂಟೆ ಇತ್ತು, ಅದನ್ನು ನೋಡಿದೆ.

"ಬೇಕೆಂದೇ ಸೋತಿರಾ?"

"ಇಲ್ಲ ಮಾರಾಯ್ತಿ. ದೇವರಾಣೆ ಇಲ್ಲ." ಗೇರು ಬದಲಿಸಿ, "ಆದರೆ ಕಾರು ಮರಳಿಗೆ ಇಳಿದು ನಿಂತಿತಲ್ಲ, ಆಗ ಬೇಸರ ಆಗಬೇಕಿತ್ತು. ಆಗಲಿಲ್ಲ" ಎಂದರು.

ಇಪ್ಪತ್ತೈದು ವರ್ಷ ಜೊತೆಗೆ ಸಂಸಾರ ಎಂದು ಲೆಕ್ಕ. ಒಟ್ಟಿಗೆ ಇದ್ದದ್ದು ಅದರ ಅರ್ಧವೂ ಇರಲಿಕ್ಕಿಲ್ಲ. ಇವರು ನುಗ್ಗುವ ಜನ ಎಂದು ನಾನು ತಿಳಿದಿದ್ದೆ. ಬೀಸಿಕೊಂಡು ಬರುವ ಜನ ಎಂದು ಗೊತ್ತಿರಲಿಲ್ಲ. ಎರಡು ವರ್ಷ ಕಳೆದು ಅವರು ಊರಿಗೇ ಬಂದರು, ಜಗಳವಾಡಲು ಬೇಕಾದಷ್ಟು ಕಾಲ ಸಿಕ್ಕಿತು. ಊರಿನಲ್ಲಿ ಅವರು ಸ್ಕೂಟರನ್ನು ಕೂಡ ಹಾಗೆ ಓಡಿಸಲಿಲ್ಲ.

ಆ ರಾತ್ರಿ ಗಂಜಿ ಉಂಡು ಮಲಗಿದೆವು. ನಾಳೆ ಕಫೀಲನಿಗೆ ಎಂತ ಹೇಳುತ್ತೀ ಎಂದು ಅವರು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಎದ್ದು ಚಹಾ ಇಟ್ಟೆ. ಪೆಟ್ಟಿಗೆ ತೆರೆದು ಅವರ ಅಂಗಿಗಳನ್ನು ತೆಗೆದು ಮೊಳೆಗೆ ಸಿಕ್ಕಿಸಿದೆ. ಪೆಟ್ಟಿಗೆಯಲ್ಲಿ ಉಳಿದ ಜಾಗಕ್ಕೆ ಹಾಲಿನ ಪುಡಿಯ ಡಬ್ಬಗಳನ್ನೂ ಖರ್ಜೂರವನ್ನೂ ತುಂಬಿದೆ. ತುಂಬಿದ್ದು ಹೆಚ್ಚಾಗಿ ಮುಚ್ಚಳ ಕೂರಲಿಲ್ಲ. ನಮ್ಮವರನ್ನು ಎಬ್ಬಿಸಿ ಅದರ ಮೇಲೆ ಕೂರಿಸಿ ಬೀಗ ಹಾಕಿದೆ.