ರಘೂತ್ತಮನ ಮರುಭೂಮಿ ಸವಾರಿ

ರಘೂತ್ತಮನಿಗೆ ಸೈಕಲ್ ತುಳಿಯುವುದಕ್ಕಿಂತ ತುಳಿಯುವ ಯೋಜನೆ ಹಾಕುವುದೇ ಹೆಚ್ಚು ಪ್ರೀತಿ. ಟೆಕ್ಸಸ್ಸಿನ ಟೇಲರ್ ಎಂಬ ಊರಿನ ಚಿಪ್ ಕಾರ್ಖಾನೆಯ ಈ ಎಂಜಿನಿಯರು ಪಕ್ಕದ ಲಿಯಾಂಡರ್ ಊರಿನ ತನ್ನ ಮನೆಯ ಗರಾಜಿನಲ್ಲಿ ಏಸಿ ಹಾಕಿಕೊಂಡು, ಸ್ಟ್ಯಾಂಡಿಗೆ ಸಿಕ್ಕಿಸಿದ ಸೈಕಲ್ಲಿನ ಮೇಲೆ ಗೋಡೆ ನೋಡುತ್ತ ಪೆಡಲ್ ತುಳಿದು, ಪಶ್ಚಿಮ ಟೆಕ್ಸಸ್ಸಿನ ಬಿಸಿಲೆಂದರೆ ತಮಾಷೆಯಲ್ಲ ಎನ್ನುತ್ತಿದ್ದ. ಹೆಂಡತಿ ಸುಪ್ರಜಾಳಿಗೆ ಆ ಸೈಕಲ್ಲು ಸವತಿಯೇ ಸರಿ. ಪುಟ್ಟ ಮಗಳು ರಂಜನಿಯ ಸ್ಟ್ರೋಲರ್ ಗಾಡಿ ಮಳೆಯಲ್ಲಿ ನೆನೆದರೂ ಸೈಕಲ್ಲು ಮಾತ್ರ ಒಳಗೆ, ಹೊದಿಕೆಯಡಿ.

ಯಾರ ಮನೆಗೆ ಊಟಕ್ಕೆ ಹೋದರೂ ಅವನದು ಒಂದೇ ಹರಿಕಥೆ. ಬಾಯಾರಿದ ಮೇಲೆ ಕುಡಿದರೆ ತಡವಾಯಿತು, ಬರೀ ನೀರು ಸಾಲದು, ಉಪ್ಪೂ ಬೇಕು. ಚಿತ್ರಾನ್ನದ ತಟ್ಟೆ ಹಿಡಿದವರು ಪಾಪ, ತಲೆಯಾಡಿಸುತ್ತಿದ್ದರು. ಅದರ ಬೆನ್ನಿಗೇ ಇನ್ನೊಂದು ಜಂಬ: ಉಪನಯನವಾದಾಗಿನಿಂದ ಒಂದು ಏಕಾದಶಿಯನ್ನೂ ಬಿಟ್ಟಿಲ್ಲ, ಆ ದಿನ ತೊಟ್ಟು ನೀರೂ ಗಂಟಲಿಗಿಳಿಯುವುದಿಲ್ಲ.

ಕೊನೆಗೂ ಅಕ್ಟೋಬರಿನ ಒಂದು ಶನಿವಾರ ಪಶ್ಚಿಮ ಟೆಕ್ಸಸ್ಸಿನ ಮರುಭೂಮಿ ಸವಾರಿಗೆ ಗೊತ್ತಾಯಿತು. ಅಡುಗೆಮನೆಯಲ್ಲಿ ತೂಗುತ್ತಿದ್ದ ಮೈಸೂರಿನ ಕ್ಯಾಲೆಂಡರಿನಲ್ಲಿ ಏಕಾದಶಿ ಭಾನುವಾರ. ಶನಿವಾರ ತುಳಿಯುವುದು, ಭಾನುವಾರ ಹೇಗೂ ಉಪವಾಸ, ಮೋಟೆಲಿನಲ್ಲಿ ಮಲಗುವುದು. ತನ್ನ ಬೆನ್ನು ತಾನೇ ತಟ್ಟಿಕೊಂಡ. ಪ್ರತಿ ಸಲ ಇಲ್ಲಿನ ಪಂಚಾಂಗ ನೋಡಿ ತಿಥಿ ಹೇಳುತ್ತಿದ್ದವಳು ಸುಪ್ರಜಾ. ಈ ಸಲ ಯೋಜನೆ ಪೂರ್ತಿ ತನ್ನದು ಎಂದು ಅವಳನ್ನು ಕೇಳಲೇ ಇಲ್ಲ. ಮಗುವಿಗೆ ಹಲ್ಲು ಬರುವ ರಗಳೆಯಲ್ಲಿ ಅವಳಿಗೂ ತಿಥಿ ಮರೆತಿತ್ತು.

ಶುಕ್ರವಾರ ಮೂವರೂ ಹೋಗಿ ದಾರಿಯುದ್ದಕ್ಕೂ ಮುಳ್ಳುಕಂಟಿಗಳ ಬುಡದಲ್ಲಿ ನೀರಿನ ಕ್ಯಾನ್ ಬಚ್ಚಿಟ್ಟು, ಅಲ್ಲಿನ ಮೋಟೆಲಿಗೆ ಬಂದಿಳಿದರು. ಕಾರು ಓಡಿಸಿದವಳು ಅವಳು, ಭಗೀರಥನಂತೆ ಬೀಗಿದವನು ಅವನು. ಇದಕ್ಕೆ ಅವನಿಟ್ಟ ಹೆಸರು, ಯಾರ ನೆರವೂ ಇಲ್ಲದ ಸವಾರಿ.

ಸಂಜೆ ಟೆಕ್ಸಸ್ಸಿನದೇ ಕ್ಲಿಯರ್ ಲೇಕ್ ಊರಿನಿಂದ ಗೆಳೆಯ ಮಧ್ವೇಶ ಫೋನ್ ಮಾಡಿದ. ಶುಭ ಹಾರೈಸಿ, ಇಡುವ ಮುನ್ನ ಕೇಳಿದ: "ಅಲ್ಲ ಕಣೋ, ನಾಳೆ ಏಕಾದಶಿ. ನೀರಿಲ್ದೆ ಹೇಗೋ ತುಳೀತೀಯ?"

ಗಂಟೆಗಳ ವ್ಯತ್ಯಾಸದಿಂದ ಮೈಸೂರಿನ ಭಾನುವಾರದ ಏಕಾದಶಿ ಟೆಕ್ಸಸ್ಸಿನಲ್ಲಿ ಶನಿವಾರವೇ ಬಂದು ಕೂತಿತ್ತು. ರಘೂತ್ತಮ ಮಂಚದ ಮೇಲೆ ಕುಸಿದ. ಆಮೇಲೆ ಎದ್ದು, ವ್ರತವನ್ನೂ ಬಿಡುವುದಿಲ್ಲ, ಸವಾರಿಯನ್ನೂ ಬಿಡುವುದಿಲ್ಲ, ಹಿಂದಿನವರು ಉಪವಾಸದಲ್ಲೇ ಕಾಶಿಗೆ ನಡೆಯಲಿಲ್ಲವೇ ಎಂದ.

"ಹಿಂದಿನವರು ವಾಪಸ್ ಬರಲ್ಲ ಅಂತ ಹೆಂಡತಿಗೆ ಹೇಳಿ ಹೋಗ್ತಿದ್ರು ರೀ. ನೀವೂ ಹೇಳಿಬಿಡಿ."

ಅವನು ನಗಲಿಲ್ಲ. ಅದನ್ನು ಕಂಡು ಸುಪ್ರಜಾಳಿಗೆ ಖಾತ್ರಿಯಾಯಿತು: ಊರೆಲ್ಲ ಡಂಗುರ ಸಾರಿದ ಎರಡು ಜಂಬಗಳ ನಡುವೆ ಸಿಕ್ಕಿಕೊಂಡ ಈ ಪ್ರಾಣಿ, ಮಾನಕ್ಕಾಗಿ ಬಿಸಿಲಿಗೆ ಬಿದ್ದು ಸತ್ತರೂ ಸತ್ತೀತು. ಅವನು ಸಂಧ್ಯಾವಂದನೆಗೆ ಕೂತಾಗ ಸೈಕಲ್ಲಿನ ಮುಂದಿನ ಚಕ್ರ ಕಳಚಿ ಕಾರಿನ ಡಿಕ್ಕಿಗೆ ಹಾಕಿದಳು. ಮೇಲೆ ರಂಜನಿಯ ಡೈಪರ್‌ಗಳನ್ನು ಒಟ್ಟಿದಳು.

ಬೆಳಿಗ್ಗೆ ಹಣೆಗೆ ಗೋಪೀಚಂದನ, ತಲೆಗೆ ಹೆಲ್ಮೆಟ್ ಹಾಕಿಕೊಂಡು ಬಂದವನು ಒಂಟಿಚಕ್ರದ ಸೈಕಲ್ಲನ್ನು ಕಂಡು ನಿಂತ. ಚಕ್ರ ಎಲ್ಲಿ ಎಂದ.

"ದ್ವಾದಶಿ ದಿನ ಕೇಳಿ, ಕೊಡ್ತೀನಿ."

ಅವನು ಎರಡನೇ ಸಲ ಕೇಳಲಿಲ್ಲ. ಬಿಗಿದಿದ್ದ ಹೆಗಲು ಮೆಲ್ಲಗೆ ಇಳಿದದ್ದನ್ನು ಅವಳು ನೋಡಿದಳು, ನೋಡದವಳಂತೆ ಮಗುವಿನ ಮೂಗು ಒರೆಸಿದಳು.

ಶನಿವಾರವೆಲ್ಲ ಬಚ್ಚಿಟ್ಟ ಕ್ಯಾನ್‌ಗಳನ್ನು ಹುಡುಕಿ ತರುವ ಕೆಲಸ. ಮರುಭೂಮಿಯ ವೀರ ಒಣತುಟಿ ಸವರಿಕೊಳ್ಳುತ್ತ ಇಳಿದು, ನೀರು ಹೊತ್ತು ತಂದು, ಓಡಿಬಂದು ಏಸಿಯ ಮುಂದೆ ಮುಖ ಹಿಡಿಯುತ್ತಿದ್ದ. ಮರುದಿನ ಬೆಳಕು ಹರಿಯುತ್ತಲೇ ಪಾರಣೆಗೆ ಅವಳು ಅದೇ ಕ್ಯಾನಿನಿಂದ ಲೋಟ ತುಂಬಿಸಿ, ಅವನು ಹೇಳುತ್ತಿದ್ದಂತೆಯೇ ಉಪ್ಪು ಹಾಕಿ ಕೊಟ್ಟಳು. ಗಟಗಟನೆ ಕುಡಿದ. ಅವಳು ಇನ್ನೊಂದು ಲೋಟ ತುಂಬಿಸಿದಳು.

ಈಗ ಊಟದ ಮನೆಗಳಲ್ಲಿ ಹೊಸ ಹರಿಕಥೆ: ವ್ರತಕ್ಕಾಗಿ ತಾನು ಮಾಡಿದ ತ್ಯಾಗ. ಚಕ್ರ ಇನ್ನೂ ಡಿಕ್ಕಿಯಲ್ಲಿ ಡೈಪರ್‌ಗಳ ಕೆಳಗೇ ಇದೆ. ಎಷ್ಟೋ ದ್ವಾದಶಿಗಳು ಕಳೆದವು, ಮಹಾರಾಯ ಕೇಳಿಲ್ಲ.