ಬಾಲದ ಚುಕ್ಕೆಯ ಓರಗೆಯವಳು

ಜಮಖಂಡಿ ಬಸ್ಸಿಗೆ ಇನ್ನೂ ಹೊತ್ತಿತ್ತೆಂದು ಬನಹಟ್ಟಿಯ ನೇಕಾರರ ಮನೆಯೊಂದಕ್ಕೆ ಸೀರೆ ನೋಡಲು ಹೋದೆ. ಗೋಡೆಯ ಮೇಲಿದ್ದ ಮುದುಕಿಯ ಫೋಟೋ ಯಾರದೆಂದು ಕೇಳಿದೆ.

"ನಮ್ಮ ಆಯಿರಿ, ಚುಕ್ಕವ್ವ," ಎಂದರು ಮಗ್ಗದಲ್ಲಿ ಕೂತಿದ್ದ ಮಹಾದೇವಿಯಕ್ಕ.

ಅಜ್ಜಿ ಹುಟ್ಟಿದ್ದು ಹ್ಯಾಲಿ ಧೂಮಕೇತು ಬಂದ ೧೯೧೦ರಲ್ಲಿ. ಬಾಲದ ಚುಕ್ಕೆಯ ಕೂಸು ಮನೆಗೆ ಕೇಡು, ಯಾರಿಗಾದರೂ ಕೊಟ್ಟುಬಿಡು ಎಂದು ಓಣಿಯವರು ಹೆದರಿಸಿದರಂತೆ. ಹೆತ್ತವಳು ಕೂಸನ್ನು ಬಿಡಲಿಲ್ಲ. ಚುಕ್ಕೆಯ ಹೆಸರನ್ನೇ ಅದಕ್ಕಿಟ್ಟಳು.

"ಎಂಬತ್ತಾರರಾಗ ಆ ಚುಕ್ಕಿ ತಿರುಗಿ ಬಂತ್ರಿ. ನಸುಕಿನ್ಯಾಗ ಆಯಿ ಕೈ ಹಿಡದು ಮಾಳಿಗಿ ಹತ್ತಿಸಿದ್ನಿ."

"ಕಂಡಿತೇ?" ಎಂದೆ.

"ಕಂಡ್ತ್ರಿ. ಹುಟ್ಟಿದಾಗ ಅರ್ಧ ಆಕಾಶ ತುಂಬಿತ್ತಂತ ಅವರವ್ವ ಹೇಳಿದ್ಲಂತ. ಇದು ನೋಡಿದ್ರ ಸಣ್ಣದು, ಮಬ್ಬು. ಆಯಿ ಭಾಳೊತ್ತು ನೋಡಿ, 'ಪಾಪ, ಇದಕ್ಕೂ ನನ್ನಂಗ ವಯಸ್ಸಾತು' ಅಂದ್ಳು."