ಪರ, ವಿರೋಧ ಮತ್ತು ಗುರುಸಿದ್ದವ್ವ

ತಿಕೋಟಾದ ಗುರುಸಿದ್ದವ್ವ ದಿನಾ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ವಿಜಯಪುರಕ್ಕೆ ಹೋಗುತ್ತಾಳೆ. ಓಣಿಯಲ್ಲಿ ಯಾರನ್ನು ಕೇಳಿದರೂ, ಸೊಲ್ಲಾಪುರ ರಸ್ತೆಯ ಕಡೆ ಒಣದ್ರಾಕ್ಷಿ ಆರಿಸುವ ಕೆಲಸ ಅನ್ನುತ್ತಾರೆ. ಆ ಕೆಲಸ ಅವಳು ಮಾಡಿದ್ದು ಸುಳ್ಳಲ್ಲ. ಆದರೆ ಎಂಟೇ ತಿಂಗಳು, ಅದೂ ಹದಿಮೂರು ವರ್ಷದ ಹಿಂದೆ. ಗಂಡ ದ್ರಾಕ್ಷಿ ಲಾರಿ ಹತ್ತಿ ಹೋದವನು ಅತ್ತಲೇ ಇನ್ನೊಂದು ಸಂಸಾರ ಹೂಡಿದ. ತವರು ಬಬಲೇಶ್ವರದಲ್ಲಿ ಅಣ್ಣಂದಿರು ಎರಡು ದಿನ ಉಣ್ಣಲಿಕ್ಕಿ, ಮೂರನೆಯ ದಿನ ಬಸ್ಸಿನ ಟೈಮು ಹೇಳಿದರು. ಸೆರಗು ಹಿಡಿದ ಆರು ವರ್ಷದ ಮಗಳು. ಜೊತೆಗೆ ಆರಿಸುತ್ತಿದ್ದ ಒಬ್ಬಳು ಸೊಲ್ಲಾಪುರ ರಸ್ತೆಯ ಇನ್ನೊಂದು ಬಾಗಿಲು ತೋರಿಸಿದಳು, ಗುರುಸಿದ್ದವ್ವ ಹೋದಳು. ಅವಳನ್ನು ಯಾರೂ ಕೈಹಿಡಿದು ಎಳೆಯಲಿಲ್ಲ. ಹಾಗಂತ ಬೇರೆ ದಾರಿ ಇದ್ದಿದ್ದರೆ ಹೋಗುತ್ತಿದ್ದಳೇ ಎಂದರೆ, ಅದೂ ಇಲ್ಲ.

ತಿಂಗಳಿಗೊಮ್ಮೆ ಅಂಗಡಿಯಲ್ಲಿ ಅರ್ಧ ಕಿಲೋ ಒಣದ್ರಾಕ್ಷಿ ಕೊಂಡು ತಂದು, "ಸಾವ್ಕಾರ್ರು ಕೊಟ್ಟಾರ" ಅಂತ ಓಣಿಗೆಲ್ಲ ಹಂಚುತ್ತಾಳೆ. ದ್ರಾಕ್ಷಿಯ ಊರಲ್ಲಿ ದ್ರಾಕ್ಷಿ ಕೊಂಡು ಜನಕ್ಕೆ ತಿನ್ನಿಸುವ ಹೆಂಗಸು ಇವಳೊಬ್ಬಳೇ ಇರಬೇಕು! ಇಷ್ಟೆಲ್ಲ ನಾಟಕ ಮಗಳು ಶೈಲಶ್ರೀಯ ಸಲುವಾಗಿ. ಅವಳೊಬ್ಬಳಿಗೆ ಗೊತ್ತಾಗಬಾರದು. ಪೊಲೀಸರಿಗೂ ಗುರುಸಿದ್ದವ್ವ ಇಷ್ಟು ಹೆದರಿದವಳಲ್ಲ.

ಮೊನ್ನೆ ಬುಧವಾರ ಸಂಜೆ ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾಗ, ಡಿಗ್ರಿ ಎರಡನೇ ವರ್ಷದ ಶೈಲಶ್ರೀ ಎರಡು ಹಾಳೆ ಹಿಡಿದು ಎದುರು ನಿಂತಳು.

"ಯವ್ವಾ, ಶನಿವಾರ ಬಬಲೇಶ್ವರದಾಗ ಚರ್ಚಾಸ್ಪರ್ಧೆ ಐತಿ. ನಾ ಓದ್ತೀನಿ, ಎಲ್ಲಿ ತಡವರಿಸ್ತೀನಿ ಹೇಳು."

"ಏನ್ ವಿಷಯ ಬೇ?"

"ಲೈಂಗಿಕ ವೃತ್ತಿಗೆ ಕಾನೂನಿನ ಮಾನ್ಯತೆ ಕೊಡಬೇಕೋ, ಬ್ಯಾಡೋ."

ಕೈ ನಿಲ್ಲಿಸಿದರೆ ಮಗಳಿಗೆ ಅನುಮಾನ ಬಂದೀತೆಂದು ಗುರುಸಿದ್ದವ್ವ ಇನ್ನೂ ಜೋರಾಗಿ ಬಡಿದಳು. ರೊಟ್ಟಿ ಹರಿಯಿತು.

"ನೀ ಯಾವ ಕಡೆ?" ಅಂದಳು, ಹಿಟ್ಟು ಮತ್ತೆ ಮುದ್ದೆ ಮಾಡುತ್ತ.

"ಎರಡೂ ಕಡೆ ತಯಾರಾಗಬೇಕು. ಅಲ್ಲಿ ಚೀಟಿ ಎತ್ತಿಸ್ತಾರ. ಯಾವುದು ಬರ್ತೈತೋ ಆ ಕಡೆ."

ಗುರುಸಿದ್ದವ್ವನಿಗೆ ಇದು ಅರ್ಥವಾಗಲಿಲ್ಲ. ಹದಿಮೂರು ವರ್ಷದ ಬಾಳುವೆಯನ್ನು ಚೀಟಿ ಎತ್ತಿ ಸರಿ ತಪ್ಪು ಮಾಡುತ್ತಾರೆಯೇ?

ಮೊದಲ ಹಾಳೆ ಪರವಾಗಿತ್ತು. ಇವರೂ ದುಡಿಯುವ ಹೆಣ್ಣುಮಕ್ಕಳೇ, ಇವರಿಗೆ ಗುರುತಿನ ಕಾರ್ಡು ಕೊಡಿ, ಪಿಂಚಣಿ ಕೊಡಿ, ಪೊಲೀಸರ ಲಾಠಿಯಿಂದ ಕಾಪಾಡಿ ಎಂದು ಶೈಲಶ್ರೀ ಕೈಯೆತ್ತಿ ಹೇಳುವಾಗ ಗುರುಸಿದ್ದವ್ವ ಒಲೆಯ ಉರಿ ತಗ್ಗಿಸಿ ಕೇಳಿದಳು. ಇಷ್ಟು ಒಳ್ಳೆಯ ಮಾತು ಅವಳ ಬಗ್ಗೆ ಯಾರೂ ಆಡಿರಲಿಲ್ಲ. ಮರುಗಳಿಗೆಗೆ ಕಾರ್ಡಿನ ಚಿಂತೆ ಹತ್ತಿತು. ಫೋಟೋ, ಹೆಸರು, ಉದ್ಯೋಗ ಎಲ್ಲ ಬರೆದ ಕಾರ್ಡನ್ನು ಈ ಒಂದೇ ಟ್ರಂಕಿನ ಮನೆಯಲ್ಲಿ ಎಲ್ಲಿ ಬಚ್ಚಿಡುವುದು?

ಎರಡನೆಯ ಹಾಳೆ ವಿರೋಧದ್ದು. ಯಾವ ಹೆಣ್ಣೂ ಮನಸಾರೆ ಇದಕ್ಕೆ ಇಳಿಯುವುದಿಲ್ಲ, ಕಾನೂನು ಒಪ್ಪಿದರೆ ನಾಳೆ ಇನ್ನಷ್ಟು ಬಡ ಹುಡುಗಿಯರನ್ನು ತಳ್ಳುತ್ತಾರೆ, ಇದನ್ನು ಮುಚ್ಚಿಸಿ ಇವರನ್ನು ರಕ್ಷಿಸಬೇಕು ಎಂದಿತ್ತು. ಹೌದಲ್ಲ ಅನ್ನಿಸಿತು ಗುರುಸಿದ್ದವ್ವನಿಗೆ. ಶೈಲಶ್ರೀಯ ವಯಸ್ಸಿನ ಹುಡುಗಿಯನ್ನು ಯಾರಾದರೂ ಆ ಬಾಗಿಲಿಗೆ ತಂದರೆ ತಾನೇ ಚಪ್ಪಲಿ ತಗೊಂಡಾಳು. ಆದರೆ ರಕ್ಷಣೆ ಅಂದರೆ ಏನೆಂದು ಅವಳು ಕಂಡಿದ್ದಳು. ಹಿಂದೊಮ್ಮೆ ಗೆಳತಿಯೊಬ್ಬಳನ್ನು ಪೊಲೀಸರು ಹಾಗೆ ರಕ್ಷಿಸಿ ಮೂರು ತಿಂಗಳು ಸರಕಾರಿ ನಿಲಯದಲ್ಲಿ ಕೀಲಿ ಹಾಕಿ ಇಟ್ಟಿದ್ದರು. ಅವಳ ಮಕ್ಕಳು ನೆರೆಮನೆಯ ಜಗುಲಿಯಲ್ಲಿ ಬೆಳೆದವು. ಈ ಕೆಲಸದ ಹೆಂಗಸರ ಸಂಘದ ಸುಮಂಗಲಾ ಮೇಡಂ ಬೇರೆ ಹೇಳುತ್ತಿರುತ್ತಾಳೆ, ಈಗಿನ ಕಾಯ್ದೆಯಲ್ಲಿ ಈ ಕೆಲಸ ಮಾಡುವುದು ಅಪರಾಧವಲ್ಲ, ಅದಕ್ಕೆ ಜಾಗ ಕೊಡುವುದು ಅಪರಾಧ ಅಂತ. ಹಾಗಾದರೆ ಗಾಳಿಯಲ್ಲಿ ಮಾಡಬೇಕೇನು? ಗುರುಸಿದ್ದವ್ವನ ತಲೆ ಗಿರ್ ಅಂದಿತು.

"ಹೆಂಗಿತ್ತು?"

"ಎರಡೂ ಖರೇ ಅನಿಸ್ತಾವು."

"ನಮ್ಮ ಸರ್ ಎರಡೂ ಪುಸ್ತಕದ ಮಾತು ಅಂದ್ರು. ಜೀವನದಾಗಿನ ಒಂದು ಉದಾಹರಣಿ ಬೇಕಂತ." ಶೈಲಶ್ರೀ ಕೆಳಗೆ ಕೂತಳು. "ಅಂಥಾಕಿ ಯಾರರ ನಿನಗ ಗೊತ್ತದಾಳೇನು?"

ಇಲ್ಲ ಅನ್ನಬೇಕಿತ್ತು. ಹದಿಮೂರು ವರ್ಷದಿಂದ ಇಲ್ಲ ಅಂದೇ ರೂಢಿ.

"ಒಬ್ಬಾಕಿ ಅದಾಳ," ಅಂದುಬಿಟ್ಟಳು.

ಅಂದ ಮೇಲೆ ಬಾಯಿ ನಿಲ್ಲಲಿಲ್ಲ. ಅಂಥಾಕಿಯ ಗಂಡ, ಅಂಥಾಕಿಯ ಅಣ್ಣಂದಿರು, ಅಂಥಾಕಿಯ ಮಗಳು ಎಂದು ಊರು ಹೆಸರು ಬಿಟ್ಟು ಎಲ್ಲ ಹೇಳಿದಳು. ಶೈಲಶ್ರೀ ಬರೆದುಕೊಂಡಳು.

"ಆಕೀಗಿ ಕಾಯ್ದೆ ಬೇಕಂತೋ, ಬ್ಯಾಡಂತೋ?"

"ಆಕೀಗೂ ತಿಳೀವಲ್ದು. ಪೊಲೀಸ್ರು ಹೊಡೀಬಾರದಂತಾಳ. ಕಾರ್ಡ್ ಬ್ಯಾಡಂತಾಳ. ಸಣ್ಣ ಹುಡುಗ್ಯಾರು ಆ ಕಡೆ ಬರಬಾರದಂತಾಳ. ಹಂಗಂತ ನಾಳೆ ಮುಚ್ಚಿಸಿದ್ರ ಏನ್ ತಿನ್ನೂದಂತಾಳ."

"ಆಕಿ ಮಗಳಿಗೆ ಗೊತ್ತೈತೇನು?"

"ಇಲ್ಲ ಬಿಡು," ಅಂದಳು ಗುರುಸಿದ್ದವ್ವ. "ಅದಕ್ಕೇನೂ ಗೊತ್ತಿಲ್ಲ."

ಶೈಲಶ್ರೀ ಹಾಳೆಯಿಂದ ತಲೆ ಎತ್ತಲಿಲ್ಲ. "ಗೊತ್ತೈತಿ ಅಂತ ಬರೀತೀನವ್ವಾ. ಒಂಬತ್ತನೇ ಕ್ಲಾಸಿನ್ಯಾಗ ಇದ್ದಾಗಿಂದ ಗೊತ್ತೈತಿ."

ತವೆಯ ಮೇಲಿನ ರೊಟ್ಟಿ ತಿರುವಿ ಹಾಕುವುದು ಗುರುಸಿದ್ದವ್ವನಿಗೆ ಮರೆತೇ ಹೋಯಿತು. ಇದು ಸ್ಪರ್ಧೆಗೆ ಕಟ್ಟಿದ ಮಾತೋ, ತನಗೆ ಹೇಳಿದ ಮಾತೋ? ಕೇಳಿದರೆ ಏನು ಬಂದೀತೋ ಎಂಬ ಭಯದಲ್ಲೇ ಕೇಳಿದಳು.

"ಮತ್ತ... ಆ ಹುಡುಗಿ ಏನಂತಾಳ?"

"ಸರಿ ಏನು, ತಪ್ಪೇನು ಆಕೀಗೂ ತಿಳೀವಲ್ದು." ಶೈಲಶ್ರೀ ಹಾಳೆ ಮಡಚಿದಳು. "ಅವ್ವ ಐದೂವರಿ ಬಸ್ಸಿಗೆ ಬರಲಿಲ್ಲಂದ್ರ ಸ್ಟ್ಯಾಂಡಿಗೆ ಹೋಗಿ ನಿಂದರ್ತಾಳ. ಅಷ್ಟ."

ಗುರುಸಿದ್ದವ್ವ ತಡವಾಗಿ ಬಸ್ಸಿಳಿದ ಸಂಜೆಗಳಲ್ಲಿ ಈ ಹುಡುಗಿ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದುದು ಹೌದು. ಯಾಕೆ ಬಂದಿ ಎಂದರೆ, ಪ್ರತಿ ಸಲವೂ ಪೆನ್ನು ತರಲು ಬಂದಿದ್ದೆ ಅನ್ನುತ್ತಿದ್ದಳು.